ಗಲ್ಲದ ಮೇಲಿನ ಬೆರಳು

ಕತ್ತು ತಾನಾಗಿ ತಿರುಗುವ ಮನುಷ್ಯನಿಗೆ ಗಡ್ಡ ಹೆರೆಯುವುದು ಹೇಗೆಂದು ಸೈನ್ಯದ ಆಸ್ಪತ್ರೆಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಇಂಜೆಕ್ಷನ್ ಕೊಡುವುದು, ಗಾಯ ಕಟ್ಟುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದು ಎಲ್ಲ ಗೊತ್ತಿತ್ತು. ಆದರೂ ದಿಲ್ಲಿಯ ಪೀತಮ್‌ಪುರದ ಆ ಮನೆಗೆ ಹೋದ ಮೊದಲ ಬೆಳಿಗ್ಗೆ ಬ್ಲೇಡು ಹಿಡಿದು ನಿಂತಾಗ ನನಗೆ ಅಳುಕಾಯಿತು. ಯಜಮಾನರ ಗಲ್ಲ ಬಲ ಹೆಗಲಿನ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ಹೋಗಿ ಅಲ್ಲಿ ಸುಮ್ಮನಿರುತ್ತಲೂ ಇರಲಿಲ್ಲ, ಯಾರೋ ಹಗ್ಗ ಜಗ್ಗಿದ ಹಾಗೆ ಮತ್ತೆ ಮತ್ತೆ ಅದುರುತ್ತಿತ್ತು. ಎಡಗಡೆ ಕಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಇಳಿಯುವ ಸ್ನಾಯು ಹುರಿಯ ಹಾಗೆ ಉಬ್ಬಿಕೊಂಡಿತ್ತು.

"ಹೆದರ್ಬೇಡಿ ಹವಾಲ್ದಾರ್ರೆ," ಅಂದರು. "ಸರ್ವೀಸ್ ಪೂರ್ತಿ ಮಿನಿಸ್ಟ್ರಿಯಲ್ಲಿ ಎಲ್ಲ ಆಫೀಸರಿಗೂ ಹೂಂ ಹೂಂ ಅಂತ ತಲೆ ಆಡಿಸ್ದೆ. ಈಗ ಕತ್ತು ತನ್ನ ಪಾಡಿಗೆ ತಾನು ಬೇಡ ಬೇಡ ಅಂತಿದೆ. ಪೆನ್ಷನ್ ಬಂದ ಮೇಲೆ ಇದಕ್ಕೆ ಧೈರ್ಯ ಬಂತು."

ಹಾಗೆ ಹೇಳುತ್ತಲೇ ಎಡಗೈಯ ತೋರುಬೆರಳನ್ನು ಗಲ್ಲಕ್ಕೆ ತಾಗಿಸಿಕೊಂಡರು. ಒತ್ತಲಿಲ್ಲ, ತಾಗಿಸಿದರು ಅಷ್ಟೆ. ಕತ್ತು ಮೆಲ್ಲಗೆ ನೇರಕ್ಕೆ ಬಂದು ನಿಂತಿತು.

"ಕೈ ತೆಗೀರಿ ಸಾರ್, ಬ್ಲೇಡ್ ತಾಗುತ್ತೆ," ಅಂದೆ ನಾನು.

ಅವರು ಕೈ ತೆಗೆದರು. ಕತ್ತು ಮತ್ತೆ ಬಲಕ್ಕೆ ಹೋಯಿತು. ಅವರ ತಲೆಯನ್ನು ನನ್ನ ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡು ಗಡ್ಡ ಮುಗಿಸಿದೆ. ಆ ಮನೆಯಲ್ಲಿದ್ದಷ್ಟು ದಿನವೂ ಹಾಗೆಯೇ ಮಾಡಿದೆ. ನೋಡಬೇಕಾದದ್ದನ್ನು ಅವರು ಮೊದಲ ದಿನವೇ ತೋರಿಸಿದ್ದರು ಎಂಬ ಕಾರಣಕ್ಕೆ ಇದನ್ನು ಮೊದಲು ಬರೆದೆ.

ನಾನು ಸೋಮವಾರಪೇಟೆ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯಕ್ಕೆ ಸೇರಿದೆ. ಅಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ನಿವೃತ್ತನಾದ ಮೇಲೆ ದಿಲ್ಲಿಯಲ್ಲೇ ಉಳಿದು, ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದೆ. ಕನ್ನಡದ ಮನೆ ಸಿಕ್ಕಿದ್ದು ಅದೇ ಮೊದಲು. ಯಜಮಾನರು ಬಹಳ ಕಾಲ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತಿಯ ನಂತರ ಪೀತಮ್‌ಪುರದಲ್ಲಿ ಫ್ಲ್ಯಾಟು ಕೊಂಡವರು. ಮನೆಯಲ್ಲಿ ಅವರು, ಅವರ ಹೆಂಡತಿ, ಗುರುಗ್ರಾಮದ ಒಂದು ಆಫೀಸಿಗೆ ಹೋಗಿಬರುವ ಮಗಳು. ಹೆಂಡತಿಯನ್ನು ನಾನು ಅಮ್ಮ ಅನ್ನುತ್ತಿದ್ದೆ, ನನಗಿಂತ ಸಣ್ಣವರಾದರೂ.

ಚಿಕಿತ್ಸೆ ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಉಬ್ಬಿದ ಸ್ನಾಯುವಿಗೇ ಚುಚ್ಚುವ ಇಂಜೆಕ್ಷನ್ ಒಂದು ಸಲ ಆಗಿತ್ತು. ಅದರ ಗುಣ ಇಳಿಯುತ್ತ ಬಂದಿತ್ತು, ಮುಂದಿನ ಸರದಿ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಎಂದು ನರರೋಗದ ವೈದ್ಯರು ಕ್ಲೊನಾಜೆಪಾಮ್ ಎಂಬ ಮಾತ್ರೆ ಬರೆದಿದ್ದರು. ಮಲಗುವಾಗ ಅರ್ಧ, ಆಮೇಲೆ ಬೆಳಿಗ್ಗೆಯೂ ಅರ್ಧ. ಅವರು ಹಿಂದಿಯಲ್ಲಿ ನನಗೇ ನೇರವಾಗಿ ಹೇಳಿದ್ದರು: ಇದು ನಿದ್ದೆ ತರುವ ಜಾತಿಯ ಮಾತ್ರೆ. ಕತ್ತು ಸಡಿಲವಾಗುತ್ತದೆ, ಹಾಗೆಯೇ ಕಾಲೂ ಸಡಿಲವಾಗುತ್ತದೆ. ವಯಸ್ಸಾದವರು ಬೀಳುತ್ತಾರೆ. ನಮ್ಮನ್ನು ಕೇಳದೆ ಹೆಚ್ಚಿಸಬೇಡಿ, ಏಕಾಏಕಿ ನಿಲ್ಲಿಸಲೂಬೇಡಿ. ನಾನು "ಜೀ ಸರ್" ಅಂದಿದ್ದೆ.

ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಮಂಚ ಗೋಡೆಯ ಕಡೆಗಿತ್ತು. ಕತ್ತು ಬಲಕ್ಕೇ ಹೋಗುವುದರಿಂದ ಅವರು ದಿನವಿಡೀ ಸುಣ್ಣದ ಗೋಡೆ ನೋಡುತ್ತಿದ್ದರು. ಮಂಚದ ತಲೆ ಕಾಲು ಅದಲುಬದಲು ಮಾಡಿ ಹಾಕಿದೆ. ಬಲಕ್ಕೆ ಈಗ ಬಾಗಿಲು ಬಂತು, ಬರುವವರು ಹೋಗುವವರು ಕಂಡರು. "ಹೆಂಡತಿಗೆ ಹೊಳೀಲಿಲ್ಲ, ಡಾಕ್ಟರಿಗೆ ಹೊಳೀಲಿಲ್ಲ, ನಿಮಗೆ ಹೊಳೀತು ನೋಡಿ," ಅಂದರು. ಸ್ನಾನಕ್ಕೆ ಮುಂಚೆ ಎಡಗಡೆಯ ಸ್ನಾಯುವಿಗೆ ಬಿಸಿನೀರಿನ ಚೀಲ ಇಡುತ್ತಿದ್ದೆ. ಸೊಂಟಕ್ಕೆ ಕೈ ಕೊಟ್ಟು ಬಾಲ್ಕನಿಯವರೆಗೆ ನಡೆಸುತ್ತಿದ್ದೆ. ನಿದ್ದೆ ಹತ್ತಿದ ಮೇಲೆ ಅವರ ಕತ್ತು ತಾನೇ ನೇರವಾಗುತ್ತಿತ್ತು, ಮುಖದಲ್ಲಿ ನೋವಿನ ಗೆರೆ ಇರುತ್ತಿರಲಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಮಾತ್ರೆಯ ಮೇಲೆ ಭಕ್ತಿ ಹೆಚ್ಚುತ್ತಿತ್ತು. ಈ ಕಾಯಿಲೆಯಲ್ಲಿ ಮಾತ್ರೆ ಇಲ್ಲದಿದ್ದರೂ ನಿದ್ದೆಯಲ್ಲಿ ಕತ್ತು ನಿಲ್ಲುತ್ತದೆ ಎಂದು ಆಗ ತಿಳಿದಿರಲಿಲ್ಲ.

ಎಚ್ಚರವಿದ್ದಾಗ ಅವರ ಎಡಗೈ ಗಲ್ಲದ ಮೇಲೆಯೇ. ಊಟ ಮಾಡುವಾಗಲೂ ಬಲಗೈಯಲ್ಲಿ ತುತ್ತು, ಎಡಗೈ ಬೆರಳು ಗಲ್ಲಕ್ಕೆ. ಪೇಪರ್ ಓದುವಾಗ ಇಡೀ ಅಂಗೈಯೇ ಕೆನ್ನೆಗೆ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ರೀ, ಕೆನ್ನೆಗೆ ಕೈ ಹೊತ್ತು ಕೂತ್ಕೋಬೇಡಿ ಅಂತ ಎಷ್ಟು ಸಲ ಹೇಳೋದು? ಮನೇಲಿ ಮದುವೆಗೆ ಬಂದ ಹೆಣ್ಣಿದೆ."

"ಕೈ ಇಟ್ರೆ ಹಾಯಾಗಿರುತ್ತೆ ಕಣೇ."

"ನಿಮಗೆ ಹಾಯಿ, ಮನೆಗೆ ದರಿದ್ರ."

ನಮ್ಮ ಮನೆಯಲ್ಲೂ ಇದೇ ಶಾಸ್ತ್ರ. ಚಿಕ್ಕಂದಿನಲ್ಲಿ ಹಾಗೆ ಕೂತರೆ ನನ್ನ ತಾಯಿ ಮೊಣಕೈಗೆ ಹೊಡೆದು "ಯಾರು ಸತ್ತಿದ್ದಾರೆ ಅಂತ ಹಾಗೆ ಕೂತಿದ್ದೀಯ?" ಅನ್ನುತ್ತಿದ್ದಳು. ಹಾಗಾಗಿ ನಾನೂ ಅಮ್ಮನ ಕಡೆಗೇ ಸೇರಿದೆ. ಹೋಗುತ್ತ ಬರುತ್ತ ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ತೊಡೆಯ ಮೇಲಿಡುತ್ತಿದ್ದೆ. ನನ್ನ ಮನಸ್ಸಿನಲ್ಲಿ ಇನ್ನೊಂದು ಕೊಳಕೂ ಇತ್ತು. ಪರೇಡು ತಪ್ಪಿಸಿಕೊಳ್ಳಲು ಕುಂಟುವ ಜವಾನರನ್ನು ಬಹಳ ನೋಡಿದ್ದೆ. ಒಂದು ಬೆರಳು ತಾಗಿಸಿದರೆ ನಿಲ್ಲುವುದು ಎಂಥ ಕಾಯಿಲೆ? ಸ್ವಲ್ಪ ಮನಸ್ಸು ಗಟ್ಟಿ ಮಾಡಿದರೆ ಬೆರಳಿಲ್ಲದೆಯೂ ನಿಲ್ಲಬೇಕಲ್ಲ? ಹಾಗೆ ಅಂದುಕೊಂಡೆ. ಆಸ್ಪತ್ರೆಗೆ ಹೋದಾಗ ಈ ಬೆರಳಿನ ವಿಷಯವನ್ನು ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಟಕ ಅಂದುಬಿಟ್ಟಾರು ಎಂದು ಅಮ್ಮನಿಗೆ ಭಯ.

ಚಳಿ ಹಿಂದೆ ಸರಿಯುತ್ತಿದ್ದ ಸಮಯದಲ್ಲಿ ಮಗಳಿಗೆ ಒಂದು ಸಂಬಂಧ ಬಂತು. ನೋಯ್ಡಾದಲ್ಲಿ ನೆಲೆಸಿದ್ದ ಕನ್ನಡದವರು. ಹುಡುಗ ಬ್ಯಾಂಕಿನಲ್ಲಿದ್ದ. ಹುಡುಗ ಹುಡುಗಿ ಆಗಲೇ ಎರಡು ಸಲ ಭೇಟಿಯಾಗಿ ಒಪ್ಪಿಕೊಂಡಿದ್ದರು. ಹಿರಿಯರು ಭಾನುವಾರ ಮಧ್ಯಾಹ್ನ ಬಂದು ಮಾತು ಮುಗಿಸುವುದು ಬಾಕಿ.

ಆ ವಾರ ಬಾಲ್ಕನಿಯ ಬಿಸಿಲಿನಲ್ಲಿ ಕೂತು ಯಜಮಾನರು ನನ್ನೊಡನೆ ಒಂದು ಮಾತನ್ನು ಮತ್ತೆ ಮತ್ತೆ ಆಡಿ ನೋಡುತ್ತಿದ್ದರು. ಈ ಕಾಯಿಲೆ ಕೆಲವು ಮನೆಗಳಲ್ಲಿ ಮಕ್ಕಳಿಗೂ ಬರಬಹುದು, ಬರದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

"ನಾನು ಹುಡುಗನ್ನೇ ಕೇಳ್ತೀನಿ ಹವಾಲ್ದಾರ್ರೆ. ಅಪ್ಪನ್ನಲ್ಲ. ನೋಡಪ್ಪಾ, ನನ್ನ ಕತ್ತು ಹೀಗಿದೆ, ಚೆನ್ನಾಗಿ ನೋಡ್ಕೋ. ಮುಂದೆ ಒಂದು ದಿನ ನನ್ನ ಮಗಳ ಕತ್ತೂ ಹೀಗೆ ತಿರುಗಿದ್ರೆ ಏನು ಮಾಡ್ತೀಯ? ಅಷ್ಟೇ. ಅವನು ಏನಂತಾನೆ ಕೇಳ್ಕೊಂಡು ಆಮೇಲೆ ಕೊಡೋದು."

ಅಷ್ಟರಲ್ಲಿ ಮಗಳು ಬಂದಳು. "ಪಪ್ಪಾ, ಆಪ್ ಭೀ ನಾ! ಅವರು ನನ್ನ ನೋಡಕ್ಕೆ ಬರೋದು, ನಿಮ್ಮ ಕತ್ತನ್ನಲ್ಲ."

"ಎರಡೂ ಒಂದೇ ರಕ್ತ ಕಣಮ್ಮ. ಮುಚ್ಚಿಟ್ಟು ಕಳಿಸಿದ್ರೆ ನಾಳೆ ನಿನ್ನನ್ನೇ ಅಂತಾರೆ."

"ಚಲೋ, ಕೇಳ್ಕೊಳ್ಳಿ. ನಂಗೇನು ಡರ್ ಇಲ್ಲ," ಅಂದು ನಕ್ಕು ಒಳಗೆ ಹೋದಳು.

ಹೆದರಿಕೆ ಇದ್ದದ್ದು ಅಮ್ಮನಿಗೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೇಸರಿಬಾತ್ ಕೆದಕುತ್ತ ನನ್ನನ್ನು ಕರೆದರು. ಕಣ್ಣು ಒದ್ದೆಯಾಗಿತ್ತು.

"ಇವತ್ತೊಂದು ದಿನ ಇವರ ಕತ್ತು ನಿಲ್ಲೋ ಹಾಗೆ ಏನಾದ್ರೂ ಮಾಡಿ. ಕೆನ್ನೆಗೆ ಕೈ ಹೊತ್ತು ಬೀಗರ ಮುಂದೆ ಕೂತ್ರೆ ಶುಭದ ಮಾತು ಎಲ್ಲಿ ಬರುತ್ತೆ? ಕೈ ಇಳಿಸಿದ್ರೆ ತಲೆ ಬೇಡ ಬೇಡ ಅನ್ನುತ್ತೆ. ಅದರ ಮೇಲೆ ಆ ಪ್ರಶ್ನೆ ಬೇರೆ ಕೇಳ್ತಾರಂತೆ. ಇಂಥ ಮನೆ ಹೆಣ್ಣನ್ನ ಯಾರು ತಗೋತಾರೆ ಹೇಳಿ?"

ಮಾತ್ರೆ ಹೆಚ್ಚು ಹಾಕಿ ಎಂದು ಅವರು ಹೇಳಲಿಲ್ಲ. ಅದು ನನ್ನ ತಲೆಯಲ್ಲೇ ಬಂದದ್ದು. ಮೊದಲು ಯಜಮಾನರನ್ನೇ ಕೇಳಿದೆ, ಇವತ್ತು ಒಂದು ಮಾತ್ರೆ ಜಾಸ್ತಿ ತಗೊಳ್ಳೋಣವೇ ಎಂದು.

"ಬೇಡ. ಅದು ತಗೊಂಡ್ರೆ ನಾಲಗೆ ದಪ್ಪ ಆಗುತ್ತೆ, ಮಾತು ಮರೆಯುತ್ತೆ. ಬೆರಳು ಇಟ್ಕೊಂಡೇ ಕೂರ್ತೀನಿ ಬಿಡಿ."

"ಬೆರಳು ಬೇಡ ಸಾರ್, ಅಮ್ಮ ನೊಂದ್ಕೋತಾರೆ."

"ಹಾಗಾದ್ರೆ ತಿರುಗಲಿ. ತಿರುಗೋದನ್ನ ತೋರಿಸೋಕೇ ಕೂರ್ತಿರೋದು."

ಅವರು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಹೂಂ ಅಂದೆ. ಆಮೇಲೆ ಒಳಗೆ ಹೋಗಿ, ಒಂದು ಪೂರ್ತಿ ಮಾತ್ರೆಯನ್ನು ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ ಅವರ ಪಾಲಿನ ಕೇಸರಿಬಾತಿನಲ್ಲಿ ಕಲಸಿದೆ. ಬೆಳಗಿನ ಅರ್ಧ ಆಗಲೇ ಹೋಗಿತ್ತು. ಅವರು ನನ್ನ ಮೇಲೆ ನಂಬಿಕೆಯಿಟ್ಟು ಇಡೀ ಬಟ್ಟಲು ತಿಂದರು, "ಇವತ್ತು ತುಪ್ಪ ಜೋರು" ಅಂದರು.

ಬಹಳ ಹೊತ್ತಾದರೂ ಕತ್ತು ನಿಲ್ಲಲಿಲ್ಲ. ಈ ಮಾತ್ರೆ ಹಿಡಿಯಲು ಸಮಯ ಬೇಕು ಎಂದು ಬೇರೆಯವರಿಗೆ ಹೇಳಿಕೊಡುತ್ತಿದ್ದವನು ನಾನು. ಆದರೆ ಕೆಳಗೆ ಕಾರು ಬಂದ ಸದ್ದಾಯಿತು. ಅಮ್ಮ ಹೊಸ ಸೀರೆಯಲ್ಲಿ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದರು. ನಾನು ಇನ್ನೊಂದು ಮಾತ್ರೆಯನ್ನು ಪುಡಿ ಮಾಡಿ ಕಾಫಿಗೆ ಹಾಕಿ, ನಾನೇ ಲೋಟ ಹಿಡಿದು ಕುಡಿಸಿದೆ.

ಬೀಗರು ಒಳ್ಳೆಯ ಜನ. ಹುಡುಗನ ತಂದೆ ಬಾಯಿ ತುಂಬ ಮಾತಾಡುವವರು. ಯಮುನೆಯ ಆಚೆ ನೀರಿನ ತೊಂದರೆ, ಮೆಟ್ರೋ ಗದ್ದಲ, ಊರಿನಿಂದ ಬರುವ ಸಾರಿನ ಪುಡಿ ಎಂದು ಹೇಳುತ್ತಾ ಹೋದರು. ಅವರ ಮಾತಿನ ನಡುವೆಯೇ ಯಜಮಾನರ ಕತ್ತು ನಿಧಾನವಾಗಿ ನಡುವಿಗೆ ಬಂದು ನಿಂತಿತು. ಕೈಗಳು ತೊಡೆಯ ಮೇಲೆ. ಫೋಟೋಕ್ಕೆ ಕೂತವರ ಹಾಗೆ ಕಂಡರು. ಅಮ್ಮ ನನ್ನ ಕಡೆ ಒಂದು ನೋಟ ನೋಡಿದರು. ಅಷ್ಟು ಕೃತಜ್ಞತೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ. ನನಗೆ ಹೆಮ್ಮೆಯಾಯಿತು. ಇದನ್ನೂ ಬಚ್ಚಿಡಬಾರದು.

"ಸಾರ್ ಬಹಳ ಗಂಭೀರ ಮನುಷ್ಯರು," ಅಂದರು ಹುಡುಗನ ತಂದೆ.

"ಮಾತು ಕಮ್ಮಿ ಇವರದ್ದು," ಅಂದರು ಅಮ್ಮ.

ಮಗಳು ಕಾಫಿ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು. "ಅಂಕಲ್, ಪಪ್ಪಾ ಯಾಕೆ ಇಷ್ಟು ಚುಪ್?"

"ಸಂಕೋಚ ಕಣಮ್ಮ."

"ಪಪ್ಪಾಗಾ?" ಅಂದಳು. ನಂಬಲಿಲ್ಲ, ಆದರೆ ಬೀಗಿತಿ ಕರೆದರು, ಹೋದಳು.

ಒಂದು ಸಲ ಯಜಮಾನರ ಕಣ್ಣು ಹುಡುಗನನ್ನು ಹುಡುಕಿತು. ರೆಪ್ಪೆ ಎತ್ತಲು ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. "ಒಂದು... ಒಂದು ಮಾತು..." ಅಂದರು. ನಾಲಗೆ ಹೊರಳಲಿಲ್ಲ. ಹುಡುಗ ಮುಂದಕ್ಕೆ ಬಾಗಿ "ಹೇಳಿ ಅಂಕಲ್" ಅಂದ. ಅಮ್ಮ ಚಕ್ಕುಲಿ ತಟ್ಟೆಯನ್ನು ಅವರಿಬ್ಬರ ನಡುವೆ ಚಾಚಿದರು. ಯಜಮಾನರ ತುಟಿಯ ಕೊನೆಯಿಂದ ಜೊಲ್ಲು ಇಳಿಯಿತು. ಯಾರೂ ನೋಡುವ ಮುಂಚೆ ನಾನು ಒರೆಸಿದೆ.

ಮಾತು ಮುಗಿಯಿತು. ಒಪ್ಪಿಗೆಯಾಯಿತು. ಬೀಗರನ್ನು ಕಳಿಸಲು ಮಗಳು ಲಿಫ್ಟಿನಲ್ಲಿ ಕೆಳಗೆ ಹೋದಳು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು "ನಮ್ಮ ಮಾನ ಉಳಿಸಿದ್ರಿ" ಎಂದು ಕೈಗೆ ಸಿಹಿ ಇಡುತ್ತಿದ್ದಾಗ ಹೊರಗೆ ಸದ್ದಾಯಿತು. ಯಜಮಾನರು ತಾವೇ ಎದ್ದಿದ್ದರು. ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಹೊರಬಾಗಿಲಿಗೆ ಮುಖ ಮಾಡಿ ಬಿದ್ದಿದ್ದರು. "ಆ ಹುಡುಗನ್ನ ಕರೀರಿ," ಅನ್ನುತ್ತಿದ್ದರು. ನೋವು ಅವರಿಗೆ ಇನ್ನೂ ತಿಳಿದಂತಿರಲಿಲ್ಲ.

ಬಲಗಾಲು ಗಿಡ್ಡವಾಗಿ ಹೊರಕ್ಕೆ ಹೊರಳಿತ್ತು. ಅದನ್ನು ನೋಡಿದ ಕೂಡಲೇ ಏನಾಗಿದೆ ಎಂದು ನನಗೆ ತಿಳಿಯಿತು. ಕಾಲಿಗೆ ದಿಂಬು ಕೊಟ್ಟು ಕಟ್ಟಿ, ಆಂಬುಲೆನ್ಸ್ ಕರೆಸಿ ಹತ್ತಿರದ ಆಸ್ಪತ್ರೆಗೆ ಒಯ್ದೆವು. ಕ್ಯಾಶುವಾಲ್ಟಿಯ ವೈದ್ಯೆ ಯಾವ ಮಾತ್ರೆ, ಎಷ್ಟು ಎಂದು ಕೇಳಿದರು.

"ಕ್ಲೊನಾಜೆಪಾಮ್. ಆಧೀ ಗೋಲಿ," ಅರ್ಧ ಮಾತ್ರೆ ಅಂದೆ.

"ಬಸ್ ಆಧೀ?" ಅವರು ಯಜಮಾನರ ರೆಪ್ಪೆ ಎತ್ತಿ ಟಾರ್ಚು ಹಾಕಿ ಮತ್ತೆ ನನ್ನನ್ನು ನೋಡಿದರು.

"ಬಸ್ ಆಧೀ."

ಅಮ್ಮ ಪಕ್ಕದಲ್ಲೇ ಸೆರಗಿನ ಅಂಚು ಹಿಡಿದು ನಿಂತಿದ್ದರು. ರೋಗಿಗೆ ಏನು ಹೋಗಿದೆ ಎಂದು ವೈದ್ಯರಿಗೆ ಸುಳ್ಳು ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅದನ್ನು ನಾನು ಎಷ್ಟೋ ಹುಡುಗರಿಗೆ ಕಲಿಸಿದ್ದೆ.

ತೊಡೆಮೂಳೆಯ ಕತ್ತು ಮುರಿದಿದೆ ಎಂದರು. ಆಪರೇಷನ್ ಆದ ಮೇಲೆ ಎಚ್ಚರ ಬಂದಾಗ ಅದನ್ನು ಯಜಮಾನರಿಗೆ ಹೇಳಿದೆ. ನೋವಿನಲ್ಲೂ ನಗುವ ಹಾಗೆ ಮಾಡಿದರು. "ಕಾಲಿಗೂ ಒಂದು ಕತ್ತಿದೆ ಅಂತ ಗೊತ್ತೇ ಇರಲಿಲ್ಲ. ಮೇಲಿನದ್ದನ್ನ ಸರಿ ಮಾಡೋಕೆ ಹೋಗಿ ಕೆಳಗಿನದ್ದು ಹೋಯ್ತಾ?"

ತಿಳಿದಿದೆಯೇ ಎಂದು ಅವರ ಮುಖ ನೋಡಿದೆ. ಇಲ್ಲ, ಅದು ಬರಿಯ ತಮಾಷೆ. ಆ ಮಧ್ಯಾಹ್ನದ್ದು ಅವರಿಗೆ ಒಂದೂ ನೆನಪಿರಲಿಲ್ಲ. ಈ ಜಾತಿಯ ಮಾತ್ರೆ ಹೆಚ್ಚಾದರೆ ಹಾಗೆಯೇ, ಆ ಹೊತ್ತನ್ನೇ ಅಳಿಸಿಬಿಡುತ್ತದೆ.

ಆ ವಾರ್ಡಿಗೆ ನರರೋಗದ ವೈದ್ಯರೊಬ್ಬರು ಬಂದರು, ಇನ್ನೂ ಚಿಕ್ಕ ವಯಸ್ಸಿನವರು. ಯಜಮಾನರು ಮಲಗಿದಲ್ಲೇ ಬೆರಳನ್ನು ಗಲ್ಲಕ್ಕೆ ತಾಗಿಸಿಕೊಂಡಿದ್ದರು. ನಾನು ಅಭ್ಯಾಸಬಲದಿಂದ ಅದನ್ನು ಇಳಿಸಲು ಹೋದೆ. ವೈದ್ಯರು ನನ್ನ ಮಣಿಕಟ್ಟು ಹಿಡಿದರು.

"ಅರೆ, ಯಾಕೆ ತೆಗೀತೀರಿ? ಈ ಕಾಯಿಲೆಯವರು ತಾವೇ ಕಂಡುಕೊಳ್ಳೋ ಉಪಾಯ ಇದು. ಒಬ್ಬರಿಗೆ ಗಲ್ಲ, ಒಬ್ಬರಿಗೆ ಹಣೆ, ಒಬ್ಬರಿಗೆ ತಲೆಯ ಹಿಂಭಾಗ. ಮುಟ್ಟಿದರೆ ನಿಲ್ಲುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಇಷ್ಟು ಚೆನ್ನಾಗಿ ನಿಲ್ಲೋದಾದ್ರೆ ಈ ವಯಸ್ಸಿನಲ್ಲಿ ಮಾತ್ರೆಯನ್ನ ಕಮ್ಮಿ ಮಾಡಬಹುದಿತ್ತು. ನಿಮ್ಮ ಡಾಕ್ಟರಿಗೆ ಇದನ್ನ ಹೇಳಿರಲಿಲ್ವಾ?"

ಅವರು ಹಿಂದಿಯಲ್ಲಿ ಹಾಗೆ ಕೇಳಿದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಯಜಮಾನರು ಮಾತ್ರ ಗೆದ್ದವರ ಹಾಗೆ ಹೆಂಡತಿಯ ಕಡೆ ನೋಡಿ "ಕೇಳಿದ್ಯಾ?" ಅಂದರು. ಅಮ್ಮ ಎದ್ದು ವರಾಂಡಕ್ಕೆ ಹೋದರು.

ಮಲಗಿದವರಿಗೆ ಎದೆಯಲ್ಲಿ ಕಫ ಕಟ್ಟಿತು. ಬೆನ್ನು ತಟ್ಟಿದೆ, ಕೂರಿಸಿದೆ, ಉಸಿರಿನ ವ್ಯಾಯಾಮ ಮಾಡಿಸಿದೆ. ಜ್ವರ ಇಳಿಯಲಿಲ್ಲ. ಒಂದು ದಿನ ಸಂಜೆ ಆಮ್ಲಜನಕದ ಮುಖವಾಡ ಸರಿಸಿ ಕೇಳಿದರು:

"ಹವಾಲ್ದಾರ್ರೆ, ಅವತ್ತು ನಾನು ಕೇಳಿದ್ನಾ?"

ಏನೆಂದು ನಾನು ಕೇಳಬೇಕಾಗಿರಲಿಲ್ಲ.

"ಕೇಳಿದ್ರಿ ಸಾರ್."

"ಹುಡುಗ ಏನಂದ?"

ನಿಜ ಹೇಳುವ ದಾರಿ ಅಲ್ಲಿ ತೆರೆದೇ ಇತ್ತು. ಹುಡುಗನಿಗೆ ಫೋನು ಮಾಡಿ ಕರೆಸಿದ್ದರೆ ಎರಡು ಗಂಟೆಯಲ್ಲಿ ಬರುತ್ತಿದ್ದ. ಹಾಗೆ ಮಾಡಿದರೆ ನಾನು ಹಾಕಿದ್ದು ಹೊರಬೀಳುತ್ತಿತ್ತು.

"ಹೇಗಿದ್ರೂ ನೋಡ್ಕೋತೀನಿ ಅಂದ್ರು ಸಾರ್. ತಕ್ಷಣ ಅಂದ್ರು."

"ತಕ್ಷಣವಾ?" ಅವರ ಕಣ್ಣು ಹೊಳೆಯಿತು. "ಹಾಗಾದ್ರೆ ಸರಿ." ಮುಖವಾಡವನ್ನು ತಾವೇ ಎಳೆದುಕೊಂಡರು. ಆ ವಾರವೇ ಹೋದರು. ವರ್ಷದೊಳಗೆ ಮಾಡಬೇಕೆಂದು ಮದುವೆಯನ್ನು ಬೇಗ ಮುಗಿಸಿದರು. ನನ್ನನ್ನೂ ಕರೆದಿದ್ದರು. ನಾನು ಹೋಗಲಿಲ್ಲ. ಅದರ ನಂತರ ಯಾವ ಮನೆಯಲ್ಲೂ ಕೆಲಸಕ್ಕೆ ನಿಲ್ಲಲಿಲ್ಲ.

ಕೆಲವು ವರ್ಷಗಳ ಮೇಲೆ ಅಮ್ಮನೂ ತೀರಿಕೊಂಡರು. ಅವರಿರುವವರೆಗೆ ಬಾಯಿ ಬಿಟ್ಟರೆ ಅವರ ಮೇಲೂ ಬರುತ್ತದೆ ಎಂದು ಸುಮ್ಮನಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಅರ್ಧ ನಿಜ. ಈ ಚಳಿಗಾಲದಲ್ಲಿ ಅವರ ಮಗಳ ನೋಯ್ಡಾದ ಮನೆಗೆ ಹೋದೆ. ರಜೆಯ ದಿನ, ಗಂಡ ಹೆಂಡತಿ ಇಬ್ಬರೂ ಇದ್ದರು. ಅವಳ ಕೂದಲಲ್ಲಿ ಒಂದೆರಡು ಬಿಳಿ ಎಳೆ. ಸೋಫಾದಲ್ಲಿ ಕೂತು ಕೆನ್ನೆಗೆ ಕೈ ಕೊಟ್ಟು ನನ್ನ ಮಾತು ಕೇಳಿದಳು. ಆ ಕೈ ಕಂಡು ನನ್ನ ಮಾತು ಅಲ್ಲಲ್ಲೇ ತುಂಡಾಗುತ್ತಿತ್ತು. ಆದರೂ ಮಾತ್ರೆ, ಕೇಸರಿಬಾತು, ಕಾಫಿ, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು, ಅವರ ಪ್ರಶ್ನೆ, ನಾನು ಕಟ್ಟಿದ ಉತ್ತರ, ಎಲ್ಲ ಹೇಳಿದೆ.

ಅವಳು ಅಳಲಿಲ್ಲ. "ನಾನು ಅವತ್ತೇ ಪೂಛಿದ್ದೆ ನಿಮ್ಮನ್ನ, ಪಪ್ಪಾ ಯಾಕೆ ಚುಪ್ ಅಂತ," ಅಂದಳು. ಅದಕ್ಕಿಂತ ಕಠಿಣವಾದದ್ದನ್ನು ಅವಳು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ಆಮೇಲೆ ಗಂಡನ ಕಡೆ ತೋರಿಸಿದಳು. "ಇಲ್ಲೇ ಇದ್ದಾರೆ. ಈಗ ಕೇಳಿ."

ನಾನು ಕೇಳಿದೆ. ಬಾಲ್ಕನಿಯಲ್ಲಿ ಯಜಮಾನರು ಆಡಿ ನೋಡುತ್ತಿದ್ದ ಮಾತುಗಳಲ್ಲೇ ಕೇಳಿದೆ.

ಅವನು ತಕ್ಷಣ ಉತ್ತರ ಕೊಡಲಿಲ್ಲ. "ಅವತ್ತು ಅವರು 'ಒಂದು ಮಾತು' ಅಂದಿದ್ರು ಅಂಕಲ್. ನನಗೆ ನೆನಪಿದೆ. ನಾನು ಕಾಯ್ತಾ ಇದ್ದೆ." ಹೆಂಡತಿಯ ಕಡೆ ನೋಡಿ ಹೇಳಿದ: "ಈಗ ಕೇಳಿದ್ರೆ ನೋಡ್ಕೋತೀನಿ, ಅದ್ರಲ್ಲಿ ಕೇಳೋದೇನಿದೆ. ಅವತ್ತು ಕೇಳಿದ್ದಿದ್ರೆ... ಗೊತ್ತಿಲ್ಲ. ನಮ್ಮಪ್ಪ ಎದ್ದು ಹೋಗ್ತಿದ್ರೇನೋ. ನಾನೂ ಹೆದರ್ತಿದ್ನೇನೋ. ಆದ್ರೆ ನಿಜ ಹೇಳ್ತಿದ್ದೆ."

ಅವರಿಗೆ ಬೇಕಾಗಿದ್ದದ್ದು ಅದೇ. ಹೆದರಿಕೊಂಡಾದರೂ ಹುಡುಗ ಹೇಳುವ ನಿಜ. ನಾನು ಅವರಿಗೆ ಕಟ್ಟಿ ಕೊಟ್ಟ ಉತ್ತರ ಇನ್ನೊಂದು ಮಾತ್ರೆ, ಅದನ್ನೂ ಹೇಳದೆ ಕಲಸಿ ಕೊಟ್ಟೆ.

ನಾನು ಏಳುವಾಗ ಅವಳ ಕೈ ಇನ್ನೂ ಕೆನ್ನೆಯ ಮೇಲೇ ಇತ್ತು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

"ಸುಮ್ನೆ ಇಟ್ಕೊಂಡಿದ್ದೀನಿ ಅಂಕಲ್. ಏನೂ ಆಗಿಲ್ಲ, ಕುಛ್ ನಹೀಂ ಹೈ."

"ಇರಲಿ ಕಣಮ್ಮ," ಅಂದೆ. "ತೆಗೀಬೇಡ."